ಕುಂತಿ ಮುಂದೆ ನಡೆದಳು

ಬರುವ ವರ್ಷ ನನಗೆ 70 ತುಂಬುತ್ತದೆ. ಭೀಮರಥ ಶಾಂತಿ ಜೋರಾಗಿ ಮಾಡಿಸೋಣ ಅಂತ ಮಕ್ಕಳು ಈಗಿನಿಂದಲೇ ಓಡಾಡುತ್ತಿದ್ದಾರೆ. ಮೊನ್ನೆ ಮಗಳು ಫೋನಿನಲ್ಲಿ ಛತ್ರ, ಅಡುಗೆಯವರ ವಿಷಯ ಹೇಳುತ್ತಿದ್ದಾಗ ನಾನು ಅಮ್ಮನ ಕಾಲುಗುರು ಕತ್ತರಿಸುತ್ತಾ ಕೂತಿದ್ದೆ. ಆಗ ಮನಸ್ಸಿಗೆ ಬಂದಿದ್ದನ್ನ ಬರೆಯುತ್ತಿದ್ದೇನೆ.

ಅಮ್ಮನಿಗೆ 91. ಹತ್ತು ವರ್ಷದ ಹಿಂದೆ ಸಹಸ್ರ ಚಂದ್ರ ದರ್ಶನ ಶಾಂತಿ ಮಾಡಿಸಿದ್ದೆವು. ಸಾವಿರ ಹುಣ್ಣಿಮೆ ಕಂಡ ಜೀವ. ಈಗ ನನ್ನ ಹೆಸರು ಅವಳಿಗೆ ನೆನಪಿಲ್ಲ. ಎಷ್ಟೋ ಸಲ ನನ್ನನ್ನು ತನ್ನ ಅಣ್ಣ ಅಂದುಕೊಳ್ಳುತ್ತಾಳೆ.

60ಕ್ಕೆ ಬ್ಯಾಂಕಿನಿಂದ ನಿವೃತ್ತಿಯಾದಾಗ ಇನ್ನು ಉಳಿದ ಆಯಸ್ಸೆಲ್ಲ ದೇವರಿಗೆ ಅಂದುಕೊಂಡಿದ್ದೆ. ಕಾಶಿಗೆ ಹೋದೆ, ರಾಮೇಶ್ವರಕ್ಕೆ ಹೋದೆ. ಬೆಳಿಗ್ಗೆ ವಿಷ್ಣು ಸಹಸ್ರನಾಮ, ಸಂಜೆ ಪ್ರವಚನ. ಅದೆಲ್ಲ ವ್ಯರ್ಥ ಅಂತ ನಾನು ಹೇಳುವುದಿಲ್ಲ. ಮಣಿಕರ್ಣಿಕಾ ಘಾಟಿನಲ್ಲಿ ಸುಮ್ನೆ ಕೂತಿದ್ದ ಒಂದು ಸಂಜೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ನಾನು ಪ್ರವಚನ ಕೇಳುತ್ತಿದ್ದ ಹೊತ್ತಿನಲ್ಲಿ ಅಮ್ಮನಿಗೆ ಊಟ ಮಾಡಿಸಿ, ಹಾಸಿಗೆ ಬಟ್ಟೆ ಬದಲಾಯಿಸುತ್ತಿದ್ದವಳು ನನ್ನ ಹೆಂಡತಿ. ಅವಳಿಗೂ ವಯಸ್ಸಾಗಿತ್ತು, ಅಲ್ವಾ? ನಾಲ್ಕು ವರ್ಷದ ಹಿಂದೆ ಅವಳ ಸೊಂಟ ಹಿಡಿದುಕೊಂಡಿತು. ಭಾರ ಎತ್ತಲೇಬಾರದು ಅಂದರು ಡಾಕ್ಟರು. ಅಮ್ಮನಿಗೆ ಸ್ನಾನ ಮಾಡಿಸಲು ಬೆಳಿಗ್ಗೆ ಒಬ್ಬರು ಹೆಣ್ಣುಮಗಳು ಬಂದು ಹೋಗುತ್ತಾರೆ. ಉಳಿದಿದ್ದು ನನ್ನ ಕೈಗೆ ಬಂತು.

ನನಗೆ ತಲೆ ಬಾಚಲು ಬರುತ್ತಿರಲಿಲ್ಲ. ಕೂದಲನ್ನು ಬುಡದಲ್ಲಿ ಹಿಡಿದುಕೊಂಡು ತುದಿಯಿಂದ ಸಿಕ್ಕು ಬಿಡಿಸಬೇಕು, ಇಲ್ಲದಿದ್ದರೆ ನೋಯುತ್ತದೆ ಅಂತ ಹೆಂಡತಿ ಹೇಳಿಕೊಟ್ಟಳು. ರಾಗಿ ಗಂಜಿ ಕುಡಿಸುವಾಗ ಚಮಚ ತುಟಿಗೆ ತಾಗಿಸಿ ಕಾಯಬೇಕು. ಅವಳಾಗಿಯೇ ಬಾಯಿ ತೆರೆಯುತ್ತಾಳೆ. ಅವಸರ ಮಾಡಿದರೆ ನೆತ್ತಿಗೆ ಹತ್ತುತ್ತದೆ. ಒಂದು ಬಟ್ಟಲು ಗಂಜಿಗೆ ಮುಕ್ಕಾಲು ಗಂಟೆ.

"ಅಣ್ಣಾ, ಊಟ ಆಯ್ತಾ?" ಅಂತ ಕೇಳುತ್ತಾಳೆ. ಮೊದಮೊದಲು, "ನಾನು ಅಣ್ಣ ಅಲ್ಲಮ್ಮ, ನಿನ್ನ ಮಗ" ಅನ್ನುತ್ತಿದ್ದೆ. ಅವಳ ಮುಖ ಬಾಡಿಹೋಗುತ್ತಿತ್ತು. ಈಗ ತಿದ್ದುವುದಿಲ್ಲ. "ಆಯ್ತು ಕಣೇ, ನೀನು ಕುಡಿ" ಅನ್ನುತ್ತೇನೆ. 'ನಾನು' ಅನ್ನುವುದನ್ನು ಬಿಡಬೇಕು ಅಂತ ಎಷ್ಟು ಪ್ರವಚನದಲ್ಲಿ ಕೇಳಿ ತಲೆಯಾಡಿಸಿದ್ದೆ! ಬಿಡುವುದು ಅಂದರೆ ಏನು ಅಂತ ಸ್ವಲ್ಪವಾದರೂ ತಿಳಿದಿದ್ದು ಆ ಗಂಜಿ ಬಟ್ಟಲು ಹಿಡಿದು ಕೂತಾಗ.

ವಾನಪ್ರಸ್ಥ ಅಂದ ಕೂಡಲೇ ನನಗೀಗ ನೆನಪಾಗುವುದು ಕುಂತಿ. ನಾವೆಲ್ಲ ಗಮಕದಲ್ಲಿ ಕೇಳಿ ಬೆಳೆದ ಕುಮಾರವ್ಯಾಸನ ಭಾರತ ಗದಾಪರ್ವಕ್ಕೇ ಮುಗಿಯುತ್ತದೆ. ಅದಕ್ಕೇ ಇರಬೇಕು, ಈ ಕಥೆಯನ್ನ ನಾವು ಜಾಸ್ತಿ ಮಾತಾಡುವುದೇ ಇಲ್ಲ. ಯುದ್ಧ ಮುಗಿದು 15 ವರ್ಷವಾದ ಮೇಲೆ ಧೃತರಾಷ್ಟ್ರ, ಗಾಂಧಾರಿ ಕಾಡಿಗೆ ಹೊರಡುತ್ತಾರೆ. ಕುಂತಿಯೂ ಹೊರಡುತ್ತಾಳೆ. ಮಗ ರಾಜ. ಐದೂ ಮಕ್ಕಳು ಹೋಗಬೇಡಮ್ಮಾ ಅಂತ ಅಂಗಲಾಚುತ್ತಾರೆ. ಅವಳು ಕೇಳುವುದಿಲ್ಲ. ಕುಂತಿಯ ಹೆಗಲ ಮೇಲೆ ಗಾಂಧಾರಿಯ ಕೈ, ಗಾಂಧಾರಿಯ ಹೆಗಲ ಮೇಲೆ ಧೃತರಾಷ್ಟ್ರನ ಕೈ. ಒಬ್ಬನಿಗೆ ಕಣ್ಣಿಲ್ಲ, ಒಬ್ಬಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡವಳು. ತನ್ನ ಮಕ್ಕಳನ್ನು ಅರಗಿನ ಮನೆಯಲ್ಲಿ ಸುಡಲು ಹೊರಟವನ ಅಪ್ಪ ಅಮ್ಮ ಅವರು. ಅವರಿಗೆ ದಾರಿ ತೋರಿಸುತ್ತಾ ಆ ಮುದುಕಿ ಮುಂದೆ ನಡೆಯುತ್ತಾಳೆ. ಅವಳ ತಪಸ್ಸು ಊರ ಬಾಗಿಲು ದಾಟುವಾಗಲೇ ಶುರುವಾಗಿತ್ತು ಅಂತ ನನಗನ್ನಿಸುತ್ತದೆ.

ನನ್ನ ವಾರಿಗೆಯ ಗಂಡಸರಿಗೆ ಒಂದು ಮಾತು ಕೇಳಿಕೊಳ್ಳುತ್ತೇನೆ. ದೇವಸ್ಥಾನಕ್ಕೆ ಹೋಗಿ, ಯಾತ್ರೆ ಮಾಡಿ, ಖಂಡಿತ ಮಾಡಿ. ಆದರೆ ಮನೆಯಲ್ಲಿ ಹಾಸಿಗೆ ಹಿಡಿದವರು ಇದ್ದರೆ ಅವರ ಕೆಲಸವನ್ನೆಲ್ಲ ಹೆಂಡತಿಗೋ ಸೊಸೆಗೋ ಬಿಟ್ಟು ಹೋಗಬೇಡಿ. ಆ ಹೆಂಗಸರ ಋಣದ ಮೇಲೆ ನಾವು ಅಧ್ಯಾತ್ಮ ಓದಿಕೊಂಡು ಕೂತಿದ್ದೇವೆ. ನನಗೆ ಇದು ಅರ್ಥವಾಗಲು 65 ವರ್ಷ ಬೇಕಾಯಿತು. ಹೆಂಡತಿಗೆ ಅದನ್ನ ಬಾಯಿಬಿಟ್ಟು ಹೇಳಿದೆ ಕೂಡ. ಅವಳು ಏನೂ ಅನ್ನಲಿಲ್ಲ. ಕಣ್ಣು ಒರೆಸಿಕೊಂಡು ಕಾಫಿ ತಂದುಕೊಟ್ಟಳು.

ಶಾಂತಿ ಮಾಡಿಸುವುದಾದರೆ ಮನೆಯಲ್ಲೇ ಆಗಲಿ, ಅಮ್ಮ ಜೊತೆಗಿರಬೇಕು ಅಂತ ಮಗಳಿಗೆ ಹೇಳಿದ್ದೇನೆ. ಇವತ್ತು ಬೆಳಿಗ್ಗೆ ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಾಗ ಅಮ್ಮ ಬಗ್ಗಿ ನನ್ನ ತಲೆ ಸವರಿದಳು. "ಎಷ್ಟು ಬೇಗ ಬೆಳ್ಳಗಾಗಿಬಿಡ್ತಲ್ಲಣ್ಣ ಕೂದಲು" ಅಂದಳು. ಹೌದು ಕಣೇ ಅಂದೆ. ಸ್ವಲ್ಪ ಹೊತ್ತು ಕೈ ಅಲ್ಲೇ ಇಟ್ಟುಕೊಂಡಿದ್ದಳು.