ಒಂದು ಸಲ ಹೇಳಿದ್ದು ಸಾಲದೇ?

ಮಧ್ಯಾಹ್ನದಿಂದ ಮನಸ್ಸು ಸರಿ ಇಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತಾದಾಗ ಓದಿ.

ನಮ್ಮ ಬೀದಿಯ ಹುಡುಗಿಯ ಜೊತೆ ಇವತ್ತು ತುಮಕೂರಿನ ಒಂದು ಕಾಲೇಜಿಗೆ ಹೋಗಿದ್ದೆ. ಅವಳಿಗೆ ಹುಟ್ಟಿನಿಂದಲೇ ಕಣ್ಣು ಕಾಣಿಸುವುದಿಲ್ಲ. ಬಿಎ ಎರಡನೇ ವರ್ಷ. ಪರೀಕ್ಷೆಗೆ ಸ್ಕ್ರೈಬ್ ಬೇಕು, ಅಂದರೆ ಅವಳು ಹೇಳಿದ ಉತ್ತರ ಬರೆದುಕೊಡುವವರು. ಅವಳ ಅಮ್ಮನಿಗೆ ಗಾರ್ಮೆಂಟ್ಸ್‌ನಲ್ಲಿ ರಜೆ ಸಿಗಲಿಲ್ಲ. "ಅಕ್ಕಾ, ನೀವು ಬರ್ತೀರಾ" ಅಂದಳು. ಹೋದೆ.

ಕೌಂಟರಿನಲ್ಲಿ ಮೊದಲ ಪ್ರಶ್ನೆ: "ಏನಮ್ಮ ನಿನ್ ತೊಂದ್ರೆ?" ಕೈಯಲ್ಲಿ ಬಿಳಿ ಕೋಲು ಹಿಡಿದು ನಿಂತವಳಿಗೆ ಕೇಳಿದ ಪ್ರಶ್ನೆ ಇದು. ಹೇಳಿದಳು. ಯುಡಿಐಡಿ ಕಾರ್ಡ್, ಅಂದರೆ ಸರ್ಕಾರ ಕೊಡುವ ಅಂಗವೈಕಲ್ಯದ ಗುರುತಿನ ಚೀಟಿ, ಕೊಟ್ಟಳು. "ಇದು ಸಾಲಲ್ಲ, ಜಿಲ್ಲಾಸ್ಪತ್ರೆಯಿಂದ ಪತ್ರ ಬೇಕು." ಹೋದ ಸೆಮಿಸ್ಟರ್‌ನಲ್ಲಿ ಅದೇ ಕೌಂಟರಿಗೆ ಕೊಟ್ಟಿದ್ದೀನಿ ಸಾರ್ ಅಂದಳು. "ಅದು ಹೋದ ಸೆಮಿಸ್ಟರ್‌ದು. ಈಗಿಂದು ಬೇರೆ. ಎಚ್‌ಒಡಿ ಸಹಿ ಮಾಡಿಸ್ಕೊಂಡು ಬಾ, ಆಮೇಲೆ ಪ್ರಿನ್ಸಿಪಾಲ್ ಹತ್ರ ಹೋಗು." ಹಿಂದೆ ಸಾಲಿನಲ್ಲಿ ನಿಂತಿದ್ದ ಹುಡುಗರೆಲ್ಲ ಇದನ್ನು ಕೇಳಿಸಿಕೊಳ್ಳುತ್ತಿದ್ದರು. ಎಚ್‌ಒಡಿ, ಅಂದರೆ ವಿಭಾಗದ ಮುಖ್ಯಸ್ಥರು, ಮತ್ತೆ ಅದೇ ಕೇಳಿದರು: "ಪೂರ್ತಿ ಕಾಣಲ್ವಾ, ಸ್ವಲ್ಪ ಕಾಣುತ್ತಾ?" ಅವಳು ಮತ್ತೆ ಹೇಳಿದಳು. ಪ್ರಿನ್ಸಿಪಾಲರ ಕೋಣೆಯ ಹೊರಗೆ ಕೂತಿದ್ದವರೂ ಕೇಳಿದರು. ಮತ್ತೆ ಹೇಳಿದಳು.

ಕೊನೆಗೆ ಕೆಲಸ ಆಯಿತು. ನಾನು ದನಿ ಎತ್ತಿದ್ದಕ್ಕೆ ಆಯಿತು. ನನಗೆ ಜಾಸ್ತಿ ಸಿಟ್ಟು ಬಂದಿರುವುದೇ ಅದಕ್ಕೆ. ಜೊತೆಗೆ ಒಬ್ಬ ಮೇಷ್ಟರೋ ಟೀಚರೋ ಬಂದರೆ ಸಹಿ ಬೀಳುತ್ತದೆ. ಒಬ್ಬಳೇ ಬಂದರೆ "ನಾಳೆ ಬಾ". ಹಾಗಾದರೆ ಆ ಸಹಿ ಹಕ್ಕಿನಿಂದ ಬಂದಿದ್ದಲ್ಲ, ನನ್ನ ದನಿಯಿಂದ ಬಂದಿದ್ದು.

ನಿಯಮ ಏನು ಹೇಳುತ್ತದೆ ನೋಡಿ. ಲಿಖಿತ ಪರೀಕ್ಷೆಗಳ ಬಗ್ಗೆ ಕೇಂದ್ರ ಸರ್ಕಾರ 2018ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಲ್ಲಿ ಕಣ್ಣು ಕಾಣದವರಿಗೆ, ಎರಡೂ ಕೈಗೆ ತೊಂದರೆ ಇರುವವರಿಗೆ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವುದು) ಇರುವವರಿಗೆ, ಅವರು ಬೇಕೆಂದರೆ ಸ್ಕ್ರೈಬ್ ಕೊಡಬೇಕು. ಬರೆಯಲು ಆಗುವುದಿಲ್ಲ ಎಂದು ವೈದ್ಯರಿಂದ ಬೇರೆ ಪತ್ರ ತರಬೇಕಾದ್ದು ಉಳಿದವರು ಮಾತ್ರ. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಕೊಡಬೇಕು, ಅಂದರೆ 3 ಗಂಟೆಯ ಪರೀಕ್ಷೆಗೆ ಒಂದು ಗಂಟೆ ಜಾಸ್ತಿ. 2021ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಒಬ್ಬರ ಪ್ರಕರಣದಲ್ಲಿ, ಶೇಕಡಾ 40 ಇಲ್ಲ ಅನ್ನುವ ಕಾರಣಕ್ಕೇ ಸ್ಕ್ರೈಬ್ ನಿರಾಕರಿಸಬಾರದು ಎಂದು ಹೇಳಿತು. ಇಷ್ಟೆಲ್ಲ ಇದ್ದೂ ನಮ್ಮ ಹುಡುಗಿ ಪ್ರತಿ ಸೆಮಿಸ್ಟರ್ ಹೊಸದಾಗಿ ತನ್ನ ಕಣ್ಣಿನ ಕಥೆ ಹೇಳಬೇಕು.

ಪ್ರವೇಶದ ಅರ್ಜಿಯಲ್ಲೇ ಅವಳು ಇದನ್ನೆಲ್ಲ ಬರೆದುಕೊಟ್ಟಿದ್ದಳು. ಅದನ್ನು ನೋಡಿಯೇ ಸೀಟು ಕೊಟ್ಟಿದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇಕಡಾ 5 ಸೀಟು ಮೀಸಲು. ಆ ಲೆಕ್ಕಕ್ಕೆ ಬೇಕಾದಾಗ ಅವಳ ಮಾಹಿತಿ ಕಾಲೇಜಿನಲ್ಲಿ ಇರುತ್ತದೆ. ಪರೀಕ್ಷೆ ಬಂದಾಗ ಇರುವುದಿಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ಮತ್ತೆ ಇರುತ್ತದೆ! ನ್ಯಾಕ್‌ನವರು ರ‍್ಯಾಂಪ್ ಇದೆಯೇ, ಸ್ಕ್ರೈಬ್ ವ್ಯವಸ್ಥೆ ಇದೆಯೇ ಎಂದು ಕೇಳುತ್ತಾರೆ. ಕಾಲೇಜಿನವರು ವರದಿಯಲ್ಲಿ "ಇದೆ" ಎಂದು ಬರೆಯುತ್ತಾರೆ, ಫೋಟೋ ಅಂಟಿಸುತ್ತಾರೆ.

ಇದು ಅಂಗವಿಕಲರ ವಿಷಯ ಮಾತ್ರ ಅಂದುಕೊಳ್ಳಬೇಡಿ. ಪಾವಗಡ ಕಡೆಯಿಂದ ಬರುವ ಹುಡುಗರನ್ನು ನೋಡಿ. ಮನೆಯಲ್ಲಿ ತೆಲುಗು, ಮನೆಗೆ ಇವನೇ ಮೊದಲ ಡಿಗ್ರಿ. ತುಮಕೂರಿಗೆ ದಿನಾ ಓಡಾಡುವ ದೂರವಲ್ಲ, ಹಾಸ್ಟೆಲ್ ಬೇಕೇ ಬೇಕು. ತರಗತಿ ಶುರುವಾಗಿ ಎಷ್ಟೋ ದಿನ ಆದ ಮೇಲೆ ಹಾಸ್ಟೆಲ್ ಪಟ್ಟಿ ಬರುತ್ತದೆ. ಅಲ್ಲಿವರೆಗೆ ಪರಿಚಯದವರ ರೂಮಿನಲ್ಲಿ ಚಾಪೆ. ಹಾಸ್ಟೆಲ್ ಸಿಗದಿದ್ದರೆ ಊಟ ವಸತಿಗೆ ಹಣ ಕೊಡುವ ಸರ್ಕಾರದ ವಿದ್ಯಾಸಿರಿ ಯೋಜನೆ ಇದೆ. ಅದಕ್ಕೂ ಅರ್ಜಿ. ಹಾಸ್ಟೆಲಿಗೆ ಒಂದು ಜೊತೆ ಜಾತಿ, ಆದಾಯ ಪ್ರಮಾಣಪತ್ರದ ಜೆರಾಕ್ಸ್, ವಿದ್ಯಾರ್ಥಿವೇತನಕ್ಕೆ ಇನ್ನೊಂದು ಜೊತೆ, ಫೀ ರಿಯಾಯಿತಿಗೆ ಮತ್ತೊಂದು. ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಆ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಿದರೆ ಆ ವಿವರ ತಾನಾಗಿ ಬರುತ್ತದೆ. ಸರ್ಕಾರದ ಕಂಪ್ಯೂಟರು ಒಂದು ನಂಬರಿಗೆ ಒಪ್ಪಿಕೊಂಡಿದ್ದನ್ನು ಕಾಲೇಜಿನ ಟೇಬಲ್ ಯಾಕೆ ಒಪ್ಪುವುದಿಲ್ಲ?

ತೃತೀಯ ಲಿಂಗಿ ವಿದ್ಯಾರ್ಥಿಗಳ ಕಷ್ಟ ಇನ್ನೂ ಕೆಟ್ಟದ್ದು. 2019ರ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿ ಗುರುತಿನ ಪ್ರಮಾಣಪತ್ರ ಕೊಡುತ್ತಾರೆ. ಅದರಂತೆ ಉಳಿದ ದಾಖಲೆಗಳನ್ನೂ ತಿದ್ದಬೇಕು. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಬಿಟ್ಟರೆ ಏನಾಗುತ್ತದೆ ಯೋಚಿಸಿ. ಹಾಲ್ ಟಿಕೆಟ್ ನೋಡುತ್ತಾರೆ, ಮುಖ ನೋಡುತ್ತಾರೆ, ಇಡೀ ಕೋಣೆಯ ಎದುರು ಪ್ರಶ್ನೆ ಕೇಳುತ್ತಾರೆ. ಆ ದಿನ ಅವರು ಏನು ಪರೀಕ್ಷೆ ಬರೆದಾರು?

ನನಗೆ ಇದು ಯಾಕಿಷ್ಟು ನಾಟುತ್ತದೆ ಎಂದು ಕೆಲವರಿಗೆ ಗೊತ್ತು. ನಮ್ಮಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಹಮಾಲಿ. ನಾನು ಡಿಗ್ರಿ ಓದುವಾಗ ವಿದ್ಯಾರ್ಥಿವೇತನದ ಅರ್ಜಿ ಹಿಡಿದು ನಿಂತರೆ, ಗುಮಾಸ್ತರು ಇಡೀ ಸಾಲಿಗೆ ಕೇಳುವ ಹಾಗೆ "ನಿಮ್ಮಪ್ಪಂಗೆ ಎಷ್ಟು ಬರುತ್ತೆ, ಮೂಟೆಗೆ ಎಷ್ಟು ಕೊಡ್ತಾರೆ" ಎಂದರು. ಹಿಂದೆ ನನ್ನ ತರಗತಿಯ ಹುಡುಗಿಯರು ಇದ್ದರು. ಅರ್ಜಿ ವಾಪಸ್ ತಗೊಂಡು ಬಂದೆ. ಆ ವರ್ಷದ ದುಡ್ಡು ಹೋಯಿತು. ಅಪ್ಪನಿಗೆ "ಅರ್ಹತೆ ಇಲ್ಲ ಅಂದ್ರು" ಎಂದೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಇವತ್ತು ಆ ಹುಡುಗಿ ಕೌಂಟರಿನ ಮುಂದೆ ದನಿ ತಗ್ಗಿಸಿ ಉತ್ತರ ಕೊಡುತ್ತಿದ್ದದ್ದು ನೋಡಿ ಹೇಳಬೇಕು ಅನ್ನಿಸಿತು. ಸೌಲಭ್ಯ ಇದ್ದರೂ ಮಕ್ಕಳು ಬಿಟ್ಟುಬಿಡುವುದು ಹೀಗೆ. ಆಮೇಲೆ ನಾವು "ಯಾರೂ ಅರ್ಜಿಯೇ ಹಾಕಲಿಲ್ಲ" ಅನ್ನುತ್ತೇವೆ.

ಸಿಬ್ಬಂದಿ ಕಡಿಮೆ, ಒಬ್ಬ ಗುಮಾಸ್ತ ಮೂರು ಜನರ ಕೆಲಸ ಮಾಡುತ್ತಾನೆ ಎಂದು ನೀವು ಹೇಳಬಹುದು. ನಿಜ. ಅರ್ಧ ತರಗತಿಗಳು ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತಿವೆ ಅನ್ನುವುದೂ ಗೊತ್ತು. ಆದರೆ ಕೆಲಸ ಜಾಸ್ತಿ ಇರುವವರು ಒಂದೇ ಕಾಗದವನ್ನು ಐದು ಸಲ ಯಾಕೆ ನೋಡಬೇಕು? ಒಂದು ಸಲ ನೋಡಿ ದಾಖಲಿಸಿದರೆ ಅವರಿಗೇ ಕೆಲಸ ಕಡಿಮೆ ಅಲ್ವಾ? ಸುಳ್ಳು ಪ್ರಮಾಣಪತ್ರದ ಭಯ ಎಂದೂ ಒಬ್ಬರು ಅಂದರು. ಸರಿ, ಪ್ರವೇಶದ ದಿನ ಎಷ್ಟು ಬೇಕೋ ಅಷ್ಟು ಪರಿಶೀಲಿಸಿ. ಆಮೇಲೆ ಸಾಕು.

ಅದೇ ಕಾಲೇಜಿನ ಒಬ್ಬ ಅಟೆಂಡರ್ ಬಗ್ಗೆ ಹೇಳಲೇಬೇಕು. ಯಾವ ವಿದ್ಯಾರ್ಥಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ, ಯಾರಿಗೆ ಕಿವಿ ಕೇಳಿಸುವುದಿಲ್ಲ, ಎಲ್ಲ ಅವರ ನೋಟ್‌ಬುಕ್ಕಿನಲ್ಲಿ ಇದೆ. ಪರೀಕ್ಷೆಯ ಹಿಂದಿನ ದಿನ ತಾವಾಗಿಯೇ ನೆಲಮಹಡಿಯಲ್ಲಿ ಡೆಸ್ಕ್ ಹಾಕಿಸುತ್ತಾರೆ. ನಮ್ಮ ಹುಡುಗಿಯನ್ನು ಹೆಸರು ಹಿಡಿದು ಕರೆದರು, "ಈ ಸಲನೂ ಅದೇ ರೂಮ್ ಕಣಮ್ಮ, ಗಾಬರಿ ಆಗಬೇಡ" ಅಂದರು. ಅವಳ ಮುಖ ಅರಳಿದ್ದು ಆಗ ಒಂದೇ ಸಲ. ಆದರೆ ಅವರು ಹೊರಗುತ್ತಿಗೆಯವರು. ಏಜೆನ್ಸಿ ಬದಲಾದರೆ ಅವರೂ ಹೋಗುತ್ತಾರೆ, ನೋಟ್‌ಬುಕ್ಕೂ ಹೋಗುತ್ತದೆ. ಅವರ ನೋಟ್‌ಬುಕ್ಕಿನಲ್ಲಿ ಇರುವುದು ಕಾಲೇಜಿನ ದಾಖಲೆಯಲ್ಲಿ ಇರಬೇಕಿತ್ತು.

ಸಿದ್ಧಗಂಗೆಯ ದಾಸೋಹ ಕಂಡಿರುವ ಊರು ನಮ್ಮದು. ಸಾವಿರಾರು ಮಕ್ಕಳು, ಯಾವ ಜಾತಿಯವರಾದರೂ, ಅಲ್ಲೇ ಉಂಡು, ಅಲ್ಲೇ ಇದ್ದು ಓದಿದ್ದಾರೆ. ನನ್ನ ತರಗತಿಯಲ್ಲೂ ಅಲ್ಲಿಂದ ಬಂದವರಿದ್ದರು. ಪ್ರತಿ ಹೊತ್ತಿನ ಊಟಕ್ಕೂ ತಮ್ಮ ಬಡತನಕ್ಕೆ ಹೊಸ ಪತ್ರ ತರಬೇಕಾಗಿತ್ತು ಎಂದು ಅವರು ಯಾರೂ ಹೇಳಿದ್ದು ನಾನು ಕೇಳಿಲ್ಲ.

ದೂರು ಕೊಡಿ ಎಂದು ಒಬ್ಬರು ಸಲಹೆ ಕೊಟ್ಟರು. ಯುಜಿಸಿಯ 2023ರ ನಿಯಮದಂತೆ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ ಇರಬೇಕು, ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಒಳ್ಳೆಯ ನಿಯಮ. ಆದರೆ ಪರೀಕ್ಷೆ ಇರುವುದು ಮುಂದಿನ ವಾರ. ಪರೀಕ್ಷೆ ಮುಗಿದ ಮೇಲೆ ಬರುವ ವರದಿಯಿಂದ ಅವಳಿಗೆ ಏನು ಸಿಗುತ್ತದೆ?

ನಾನು ಕೇಳುತ್ತಿರುವುದು ದೊಡ್ಡದಲ್ಲ. ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಪ್ರವೇಶ, ಶುಲ್ಕ, ಪರೀಕ್ಷೆ ಅರ್ಜಿ ಎಲ್ಲ ಈಗ ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಆನ್‌ಲೈನ್ ವ್ಯವಸ್ಥೆ ಯುಯುಸಿಎಂಎಸ್‌ನಲ್ಲೇ ನಡೆಯುತ್ತವೆ. ವಿದ್ಯಾರ್ಥಿ ಒಮ್ಮೆ ಕೊಟ್ಟ ಮಾಹಿತಿ ಹಾಲ್ ಟಿಕೆಟ್‌ವರೆಗೂ ತಾನಾಗಿ ಬರಲಿ: ಸ್ಕ್ರೈಬ್ ಇದೆ, ಒಂದು ಗಂಟೆ ಜಾಸ್ತಿ ಇದೆ, ನೆಲಮಹಡಿ ಇದೆ. ಅದು ಆಗುವವರೆಗೆ ಕಾಲೇಜೇ ಒಂದು ರಿಜಿಸ್ಟರ್ ಇಟ್ಟು, ಪರೀಕ್ಷೆ ಅರ್ಜಿ ಶುರುವಾಗುವ ಮೊದಲೇ ಆ ಮಕ್ಕಳಿಗೆ ಫೋನ್ ಮಾಡಲಿ. ಯಾರಿಗೆ ಏನು ಬೇಕು ಎನ್ನುವುದು ಬೇಕಾದವರ ಕಣ್ಣಿಗೆ ಮಾತ್ರ ಬೀಳಲಿ, ನೋಟಿಸ್ ಬೋರ್ಡಿಗೆ ಹೋಗುವುದು ಬೇಡ.

ಇದನ್ನು ಓದುವವರಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಾಲೇಜುಗಳಲ್ಲಿ ಕೆಲಸ ಮಾಡುವ ಗೆಳೆಯರು ತುಂಬಾ ಜನ ಇದ್ದೀರಿ. ಕೆಲವರು ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಸಮಿತಿ ಐಕ್ಯೂಎಸಿಯಲ್ಲೂ ಇದ್ದೀರಿ. ನಿಮ್ಮ ಮುಂದಿನ ಸಭೆಯ ಅಜೆಂಡಾದಲ್ಲಿ ಇದನ್ನು ಹಾಕಿಸಿ. ಪತ್ರ ಬರೆಯಲು ಸಮಯ ಇಲ್ಲದಿದ್ದರೆ ನನಗೆ ಹೇಳಿ, ಕರಡು ನಾನು ಬರೆದುಕೊಡುತ್ತೇನೆ. 2018ರ ಮಾರ್ಗಸೂಚಿಯ ಪ್ರತಿ ನನ್ನ ಹತ್ತಿರ ಇದೆ, ಕೇಳಿದವರಿಗೆ ವಾಟ್ಸಾಪ್ ಮಾಡುತ್ತೇನೆ. ಹಾಕಿಸಿದವರು ಕೆಳಗೆ ಕಾಲೇಜಿನ ಹೆಸರು ಬರೆಯಿರಿ.