ಹಲ್ಮಿಡಿಯ ಕಲ್ಲಿನ ಕೊನೆಯ ಸಾಲು

ಹಲ್ಮಿಡಿ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಒಂದು ಶಾಸನ, ಕ್ರಿ.ಶ. 450 ಎಂಬ ಇಸವಿ ಮತ್ತು ಪರೀಕ್ಷೆಯಲ್ಲಿ ಬರುವ ಒಂದು ಅಂಕದ ಪ್ರಶ್ನೆ. ಆ ಹೆಸರಿನ ಒಂದು ಊರಿದೆ, ಬೆಳಗಾದರೆ ಅಲ್ಲಿಯ ಜನ ದನ ಬಿಚ್ಚಿಕೊಂಡು ಹೊಲದ ಕಡೆ ನಡೆಯುತ್ತಾರೆ ಎಂಬುದು ಓದಿಕೊಂಡವರಲ್ಲಿಯೂ ಎಷ್ಟೋ ಜನರಿಗೆ ಹೊಳೆದಿರುವುದಿಲ್ಲ. ನಾನು ಅದೇ ಬೇಲೂರು ತಾಲ್ಲೂಕಿನ ಇನ್ನೊಂದು ಸಣ್ಣ ಹಳ್ಳಿಯಲ್ಲಿ ಹುಟ್ಟಿದವನು. ಹಲ್ಮಿಡಿಯನ್ನು ನಾವು ಶಾಸನದ ಹೆಸರಾಗಿ ಮಾತ್ರ ಓದಿದೆವು, ಊರಾಗಿ ಓದಲಿಲ್ಲ ಎಂಬ ಕೊರಗು ನನಗೆ ಬಹಳ ದಿನಗಳಿಂದ ಇದೆ.

1936ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಎಂ.ಎಚ್. ಕೃಷ್ಣ ಅವರು ಇದನ್ನು ವಿದ್ವತ್ ಲೋಕದ ಗಮನಕ್ಕೆ ತಂದಾಗ ಕಲ್ಲು ಊರಿನ ವೀರಭದ್ರ ದೇವಾಲಯದ ಮುಂದೆ ಇತ್ತು. ಎತ್ತರ ಸುಮಾರು ಎರಡೂವರೆ ಅಡಿ, ಅಗಲ ಒಂದು ಅಡಿ, ನೆತ್ತಿಯ ಮೇಲೆ ಸುದರ್ಶನ ಚಕ್ರ, ಕೆಳಗೆ 16 ಸಾಲು ಬರಹ. ಮೂಲ ಕಲ್ಲು ಮೈಸೂರಿನ ಸಂಗ್ರಹಾಲಯ ಸೇರಿತು. ಊರಿನಲ್ಲಿ ಈಗಿರುವುದು ಅದರ ಪ್ರತಿಕೃತಿ. ಶಾಸನದಲ್ಲಿ ಶಕವರ್ಷವಿಲ್ಲದ ಕಾರಣ ಅಕ್ಷರಗಳ ರೂಪವನ್ನು ಮತ್ತು ಅದರಲ್ಲಿ ಬರುವ ಕದಂಬ ದೊರೆ ಕಾಕುಸ್ಥನ ಹೆಸರನ್ನು ನೋಡಿ ವಿದ್ವಾಂಸರು ಕಾಲವನ್ನು ಗೊತ್ತುಮಾಡಿದರು. ಈಚೆಗೆ ತಾಳಗುಂದದ ಶಾಸನವೊಂದು ಇದಕ್ಕಿಂತ ಹಳೆಯದು ಎಂಬ ಅಭಿಪ್ರಾಯ ಬಂದ ಮೇಲೆ ಕನ್ನಡದ ಅತಿ ಹಳೆಯ ಶಾಸನವೆಂಬ ಹಲ್ಮಿಡಿಯ ಮೊದಲ ಸ್ಥಾನ ಹೋಯಿತಲ್ಲ ಎಂದು ಕೆಲವರು ಮರುಗಿದರು. ನನಗೆ ಹಾಗೆ ಅನ್ನಿಸಲಿಲ್ಲ. ಮೊದಲನೆಯದೋ ಎರಡನೆಯದೋ ಎಂಬ ಲೆಕ್ಕಕ್ಕಿಂತ ಆ ಕಲ್ಲು ತಾನು ನಿಂತ ನೆಲದ ಬಗ್ಗೆ ಏನು ಹೇಳುತ್ತದೆ ಎಂಬುದು ನನಗೆ ದೊಡ್ಡದು.

ಆ ನೆಲ ಎಂಥದು ಎಂಬುದನ್ನು ಮೊದಲು ಹೇಳಬೇಕು. ಪಶ್ಚಿಮ ಘಟ್ಟದ ಅಂಚಿನ ಸಕಲೇಶಪುರದ ಕಡೆ ವರ್ಷಕ್ಕೆ ಸುಮಾರು 2,000 ಮಿ.ಮೀ. ಸುರಿಯುವ ಮಳೆ, ಅದೇ ಹಾಸನ ಜಿಲ್ಲೆಯ ಮೂಡಣ ತುದಿಯ ಅರಸೀಕೆರೆಗೆ ಬರುವ ಹೊತ್ತಿಗೆ 700 ಮಿ.ಮೀ. ಆಸುಪಾಸಿಗೆ ಇಳಿದುಬಿಡುತ್ತದೆ. ನಡುವೆ ಇರುವ ನಮ್ಮ ಬೇಲೂರು ಸೀಮೆಯನ್ನು ಅರೆಮಲೆನಾಡು ಎನ್ನುತ್ತಾರೆ. ಬಾಬಾಬುಡನ್ ಗಿರಿಯ ಸಾಲಿನಿಂದ ಇಳಿದು ಬರುವ ಯಗಚಿ ಬೇಲೂರಿನ ಬದಿಯಲ್ಲಿ ಹರಿದು ಮುಂದೆ ಹೇಮಾವತಿಯನ್ನು ಕೂಡುತ್ತದೆ. ತಾಲ್ಲೂಕಿನ ಪಡುವಣ ಭಾಗದಲ್ಲಿ ಕಾಫಿ ತೋಟ, ಮೂಡಣಕ್ಕೆ ಹೋದಂತೆ ರಾಗಿ, ಜೋಳ, ಆಲೂಗಡ್ಡೆ. ಎಲ್ಲಿ ನಿಂತರೂ ನೆಲ ಸಮವಾಗಿರುವುದಿಲ್ಲ. ಒಂದು ದಿಣ್ಣೆ, ಅದರ ಕೆಳಗೆ ಒಂದು ತಗ್ಗು, ಮತ್ತೆ ದಿಣ್ಣೆ. ದಿಣ್ಣೆಯ ಮೇಲೆ ಹೊಲ, ತಗ್ಗಿನಲ್ಲಿ ಗದ್ದೆ, ತಗ್ಗಿನ ತಲೆಯಲ್ಲಿ ಕೆರೆ. ನಮ್ಮ ಕಡೆಯ ಯಾವ ಮಗುವನ್ನು ಕೇಳಿದರೂ ಹೊಲ ಯಾವುದು, ಗದ್ದೆ ಯಾವುದು ಎಂದು ಕಣ್ಣುಮುಚ್ಚಿ ಹೇಳುತ್ತದೆ.

ಈಗ ಶಾಸನಕ್ಕೆ ಬರುತ್ತೇನೆ. ಮೊದಲ ಭಾಗದಲ್ಲಿ ಅಚ್ಯುತನ ಸ್ತುತಿ, ಕಾಕುಸ್ಥನ ಹೊಗಳಿಕೆ, ಮೃಗೇಶ ಮತ್ತು ನಾಗ ಎಂಬ ಇಬ್ಬರ ಪರಾಕ್ರಮ, ಪಶುಪತಿಯ ಬಿರುದುಗಳು. ಅಲ್ಲೆಲ್ಲ ಸಂಸ್ಕೃತದ ದೀರ್ಘ ಸಮಾಸಗಳು ಒಂದರ ಮೇಲೊಂದು ಬರುತ್ತವೆ. ಆದರೆ ಕೇಕಯ ಪಲ್ಲವರೊಡನೆ ಕಾದಿ ಗೆದ್ದ ವಿಜಅರಸನಿಗೆ ಪಲ್ಮಿಡಿಯನ್ನೂ ಮೂೞುವಳ್ಳಿಯನ್ನೂ ‘ಬಾಳ್ಗೞ್ಚು’ವಾಗಿ ಕೊಟ್ಟ ವಿಷಯಕ್ಕೆ ಬರುತ್ತಲೇ ಭಾಷೆ ಬದಲಾಗುತ್ತದೆ. ಬಾಳ್ ಎಂದರೆ ಕತ್ತಿ, ಕೞ್ಚು ಎಂದರೆ ತೊಳೆಯುವುದು. ಯುದ್ಧ ಗೆದ್ದು ಬಂದವನ ಕತ್ತಿ ತೊಳೆದು ಕೊಡುವ ಭೂಮಿ ಅದು. ಅಲ್ಲಿಂದ ಮುಂದೆ ‘ಕೊಟ್ಟಾರ್’, ‘ವಿಟ್ಟಾರ್’ ಎಂಬ ಅಚ್ಚಗನ್ನಡದ ಕ್ರಿಯಾಪದಗಳು ಬರುತ್ತವೆ. ಈ ದಾನ ಕೆಡಿಸಿದವನಿಗೆ ಮಹಾಪಾತಕ ಎಂಬ ಶಾಪದ ವಾಕ್ಯ ಕೂಡ ಕನ್ನಡದ್ದೇ, ‘ಮಹಾಪಾತಕ’ ಎಂಬ ಪದ ಮಾತ್ರ ಸಂಸ್ಕೃತದ್ದು. ಕೊನೆಯ ಸಾಲಿನಲ್ಲಿ ಭಟ್ಟರಿಗೆ ‘ಗೞ್ದೆ’ಯಿಂದ ‘ಪತ್ತೊಂದಿ’, ಎಂದರೆ ಹತ್ತರಲ್ಲಿ ಒಂದು ಪಾಲು, ‘ಅಕರ’ವಾಗಿ, ಎಂದರೆ ಕರವಿಲ್ಲದೆ, ಬಿಟ್ಟರು ಎಂದಿದೆ. ಹೊಗಳುವುದಕ್ಕೆ ಸಂಸ್ಕೃತ ಸಾಕಾಗುತ್ತಿತ್ತು. ಆದರೆ ಯಾವ ಊರು, ಯಾವ ನೆಲ, ಎಷ್ಟು ಪಾಲು ಎಂಬುದನ್ನು ಆ ನೆಲ ಉಳುವವನಿಗೆ ಗೊತ್ತಾಗುವ ಹಾಗೆ ಬರೆಯಲೇಬೇಕಾಗಿತ್ತು ಎಂದು ನನಗೆ ಅನ್ನಿಸುತ್ತದೆ.

ಆ ‘ಗೞ್ದೆ’ ಎಂಬ ಒಂದು ಪದದ ಮುಂದೆ ನಾನು ಎಷ್ಟೋ ಹೊತ್ತು ಕುಳಿತಿದ್ದೇನೆ. ೞ ಎಂಬ ಅಕ್ಷರ ಕನ್ನಡದಿಂದ ಮರೆಯಾಗಿ ಅದು ಗರ್ದೆಯಾಯಿತು, ಆಮೇಲೆ ಗದ್ದೆಯಾಯಿತು. ಪಕಾರ ಹಕಾರವಾಗಿ ಪತ್ತು ಹತ್ತಾದ ಹಾಗೆಯೇ ಪಲ್ಮಿಡಿ ಹಲ್ಮಿಡಿಯಾಯಿತು. ಅಷ್ಟು ಬಿಟ್ಟರೆ ಸುಮಾರು 1,500 ವರ್ಷಗಳಲ್ಲಿ ಊರಿನ ಹೆಸರು ಬದಲಾಗಲಿಲ್ಲ. ಕದಂಬರು ಹೋದರು, ಗಂಗರು ಹೋದರು, ಇದೇ ಸೀಮೆಯಲ್ಲಿ ಬೇಲೂರು ಹಳೇಬೀಡುಗಳನ್ನು ಕಟ್ಟಿದ ಹೊಯ್ಸಳರೂ ಹೋದರು. ಕಲ್ಲು ಓದಲು ಬರುವವರು ಯಾರೂ ಉಳಿಯದ ಶತಮಾನಗಳಲ್ಲಿ ಕೂಡ ಆ ಹೆಸರನ್ನು ದಿನಬಳಕೆಯಲ್ಲಿ ಉಳಿಸಿಕೊಂಡವರು ಅಲ್ಲಿ ಬಾಳಿದ ಜನ.

ಗದ್ದೆ ಎಂದರೆ ತಾನಾಗಿ ಇರುವ ನೆಲವಲ್ಲ, ಮಾಡಿದ ನೆಲ. ತಗ್ಗಿನ ಇಳಿಜಾರನ್ನು ತಾಕು ತಾಕಾಗಿ ಮಟ್ಟ ಮಾಡಿ, ಬದು ಹಾಕಿ, ಮೇಲಿನ ತಾಕಿನ ನೀರು ಕೆಳಗಿನದಕ್ಕೆ ಇಳಿಯಲು ಬಾಯಿ ಬಿಟ್ಟು, ಪ್ರತಿ ಮಳೆಗಾಲದ ಮೊದಲು ಬದುವಿನ ಹುಲ್ಲು ಕೆತ್ತಿ, ಏಡಿ ಕೊರೆದ ತೂತುಗಳಿಗೆ ಕೆಸರು ಮೆತ್ತಬೇಕು. ನನ್ನ ಅಜ್ಜ ಗುದ್ದಲಿಯ ಹಿಂಬದಿಯಿಂದ ಆ ಕೆಸರನ್ನು ತಟ್ಟುತ್ತಿದ್ದ ಸದ್ದು ನನಗೆ ಇನ್ನೂ ನೆನಪಿದೆ. ಐದನೆಯ ಶತಮಾನದ ಶಾಸನ ಗದ್ದೆಯ ಹುಟ್ಟುವಳಿಯಲ್ಲಿ ಹತ್ತನೆಯ ಒಂದು ಪಾಲನ್ನು ಬಿಟ್ಟುಕೊಡುತ್ತದೆ ಎಂದಾದರೆ, ಆ ಕಲ್ಲು ನಿಲ್ಲುವ ಮೊದಲೇ ಅಲ್ಲಿ ಯಾರೋ ಈ ಕೆಲಸವನ್ನೆಲ್ಲ ಮಾಡಿ ಮುಗಿಸಿದ್ದರು. ಊರಿನ ಚರಿತ್ರೆ ಶುರುವಾಗುವುದು ಆ ಬದುವಿನಿಂದ ಎಂದು ನಾನು ನಂಬಿದ್ದೇನೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ನಮ್ಮ ಸೀಮೆಯಲ್ಲಿ ಗದ್ದೆಗಳು ಬೇಗ ಬೇಗ ಕಾಣೆಯಾಗುತ್ತಿವೆ. ಭತ್ತಕ್ಕೆ ಆಳು ಸಿಗುವುದಿಲ್ಲ, ಸಿಕ್ಕರೂ ಖರ್ಚು ಗಿಟ್ಟುವುದಿಲ್ಲ. ಹಾಗಾಗಿ ಕೆಲವರು ಶುಂಠಿಗೆ ಗುತ್ತಿಗೆ ಕೊಡುತ್ತಾರೆ, ಕೆಲವರು ಅಡಿಕೆ ಸಸಿ ಇಡುತ್ತಾರೆ. ಬದುಕು ನಡೆಯಬೇಕಾದವರನ್ನು ದೂರುವ ಹಕ್ಕು ಪಟ್ಟಣ ಸೇರಿದ ನನಗಿಲ್ಲ. ಆದರೆ ಗದ್ದೆಯ ಜೊತೆ ಹೋಗುವ ಹೆಸರುಗಳ ಬಗ್ಗೆ ನನಗೆ ನಿಜವಾದ ಸಂಕಟವಿದೆ. ಪಹಣಿಯಲ್ಲಿ ಇರುವುದು ಸರ್ವೆ ನಂಬರು ಮಾತ್ರ. ಒಂದೊಂದು ತಾಕಿಗೂ ಇದ್ದ ಹೆಸರನ್ನು ಯಾವ ಕಚೇರಿಯೂ ಬರೆದಿಟ್ಟಿಲ್ಲ. ಹಲ್ಮಿಡಿಯ ಪ್ರತಿಕೃತಿಯ ಬಳಿ ಶಾಸನದ ಮಹತ್ವ ಹೇಳುವುದರ ಜೊತೆಗೆ ಆ ಊರಿನ ಕೆರೆ, ಹೊಲ, ಗದ್ದೆಗಳ ಹೆಸರಿನ ಪಟ್ಟಿಯನ್ನೂ ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಬೇಕು ಎಂಬುದು ನನ್ನ ಆಸೆ. ಸುತ್ತಲಿನ ಶಾಲೆಗಳ ಮಕ್ಕಳು ರಜೆಯಲ್ಲಿ ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬಂದರೆ ಅದೇನೂ ಆಗದ ಕೆಲಸವಲ್ಲ.

ಕಳೆದ ವಾರ ಊರಿಗೆ ಹೋದಾಗ ನಮ್ಮವ್ವನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಪಹಣಿಯ ಹಿಂಬದಿಯಲ್ಲೇ ಬರೆಯಲು ಶುರುಮಾಡಿದೆ. ಕೋಡಿಗದ್ದೆ, ಹೊಂಗೆಮರದ ಗದ್ದೆ, ದೇವರ ಗದ್ದೆ, ಮೂಲೆತಾಕು, ಹೀಗೆ ಬೆರಳು ಮಡಿಸುತ್ತ ಒಂಬತ್ತು ಹೆಸರು ಹೇಳಿದಳು. ಇನ್ನೆರಡು ನಾಲಗೆ ತುದಿಯಲ್ಲಿದ್ದರೂ ಬರಲಿಲ್ಲ. ‘ಅವು ನಿಮ್ಮ ದೊಡ್ಡಮ್ಮಂಗೆ ಗೊತ್ತಿರ್ತವೆ ಕಣಪ್ಪ, ನಾಟಿಗೆ ಅವಳೇ ಮುಂದೆ ನಿಲ್ತಿದ್ಲು’ ಎಂದಳು. ದೊಡ್ಡಮ್ಮನಿಗೆ ಎಂಬತ್ತೆರಡು ವರ್ಷ. ಬರುವ ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ.