ಕುಶಿಂಗ್ಸ್ ಕಾಯಿಲೆಯ ನಾಯಿಗೆ ರಾತ್ರಿ ನೀರು ತಪ್ಪಿಸಬೇಕೆಂಬ ಸಲಹೆ: ಸ್ಪಷ್ಟನೆ

ಕುಶಿಂಗ್ಸ್ ಕಾಯಿಲೆಯಿರುವ ಪೂಡಲ್, ಡ್ಯಾಕ್ಸ್‌ಹುಂಡ್‌ನಂಥ ಪುಟ್ಟ ನಾಯಿಗಳು ರಾತ್ರಿ ಮನೆಯೊಳಗೆ ಮೂತ್ರ ಮಾಡದಂತೆ ಸಂಜೆಯ ನಂತರ ನೀರಿನ ಬಟ್ಟಲನ್ನು ತೆಗೆದಿಡಬೇಕು ಎಂಬ ಸಲಹೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು ಮಾತ್ರವಲ್ಲ, ಅಪಾಯಕಾರಿಯೂ ಹೌದು.

ಈ ಕಾಯಿಲೆಯಲ್ಲಿ, ಹೆಚ್ಚಿನ ನಾಯಿಗಳಲ್ಲಿ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಣ್ಣ ಗೆಡ್ಡೆಯೊಂದರ ದೆಸೆಯಿಂದ, ಮೂತ್ರಪಿಂಡಗಳ ಬಳಿಯಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅತಿಯಾಗಿ ಸ್ರವಿಸುತ್ತವೆ. ಮೂತ್ರಪಿಂಡಗಳು ನೀರನ್ನು ಉಳಿಸಿಕೊಳ್ಳಲು ನೆರವಾಗುವ ಮತ್ತೊಂದು ಹಾರ್ಮೋನಿನ ಕೆಲಸಕ್ಕೆ ಕಾರ್ಟಿಸಾಲ್ ಅಡ್ಡಿಯಾಗುವುದರಿಂದ ಮೊದಲು ಮೂತ್ರ ಹೆಚ್ಚುತ್ತದೆ, ಆ ನಷ್ಟವನ್ನು ತುಂಬಿಕೊಳ್ಳಲೆಂದೇ ನಾಯಿ ಪದೇ ಪದೇ ನೀರು ಕುಡಿಯುತ್ತದೆ. ನೀರು ತಪ್ಪಿಸಿದರೆ ಮೂತ್ರ ನಿಲ್ಲುವುದಿಲ್ಲ, ಆ ಬಡಜೀವದ ದೇಹ ಒಣಗುತ್ತದೆ. ಬಟ್ಟಲು ಸದಾ ತುಂಬಿರಲಿ. ಮಲಗುವ ಮುನ್ನ ಒಮ್ಮೆ ಹೊರಗೆ ಕರೆದೊಯ್ಯಿರಿ. 24 ಗಂಟೆಗಳಲ್ಲಿ ಎಷ್ಟು ಕುಡಿಯಿತೆಂದು ಅಳೆದು ಬರೆದಿಡುವುದು ಬಹಳ ಉಪಯುಕ್ತ, ಏಕೆಂದರೆ ಒಂದು ಕಿಲೋ ತೂಕಕ್ಕೆ 100 ಮಿಲಿಲೀಟರ್ ಮೀರಿದರೆ ಅದನ್ನು ಅತಿಯೆಂದು ಪಶುವೈದ್ಯರು ಪರಿಗಣಿಸುತ್ತಾರೆ.

ಬಾಯಾರಿಕೆ ತಗ್ಗಿದ ಕೂಡಲೇ ಔಷಧ ಬಿಡಬಹುದೆಂಬ ಮಾತೂ ಸರಿಯಲ್ಲ. ಈ ಕಾಯಿಲೆಗೆ ಕೊಡುವ ಟ್ರೈಲೋಸ್ಟೇನ್ ಎಂಬ ಔಷಧ ಕಾರ್ಟಿಸಾಲನ್ನು ಹತೋಟಿಯಲ್ಲಿಡುತ್ತದೆಯೇ ಹೊರತು ಗೆಡ್ಡೆಯನ್ನು ಕರಗಿಸುವುದಿಲ್ಲ. ಅದನ್ನು ಊಟದೊಂದಿಗೇ ಕೊಡಬೇಕು. ಆದರೆ ನಾಯಿ ಊಟ ಬಿಟ್ಟರೆ, ವಾಂತಿ ಮಾಡಿಕೊಂಡರೆ ಅಥವಾ ನಿತ್ರಾಣವಾದರೆ, ಕಾರ್ಟಿಸಾಲ್ ಮಿತಿಮೀರಿ ಕುಸಿದಿರುವ ಸಾಧ್ಯತೆಯಿರುವುದರಿಂದ, ಮುಂದಿನ ಗುಳಿಗೆಯನ್ನು ಕೊಡದೆ ಕೂಡಲೇ ಪಶುವೈದ್ಯರನ್ನು ಸಂಪರ್ಕಿಸಿ.